ರೊಕ್ಕ ನಡುದಾರಿಯಲ್ಲಿ ನಿಂತರೆ: ಪೇಮೆಂಟ್ ಕಂಪನಿಯ ಇಂಟರ್‌ವ್ಯೂಗೆ ನಾನು ತಯಾರಾದ ಬಗೆ

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇಷ್ಟೇ: "ಅಕ್ಕಾ, ಪೇಮೆಂಟ್ ಕಂಪನ್ಯಾಗ ಕೋಡಿಂಗ್ ಭಾಳ ಕಷ್ಟ ಇರ್ತದೇನು?" ಕೋಡಿಂಗ್ ಬೇರೆ ಕಡೆ ಇದ್ದಷ್ಟೇ ಇರುತ್ತದೆ. ಆಯ್ಕೆ ತೀರ್ಮಾನವಾಗುವುದು ಇನ್ನೊಂದು ವಿಷಯದ ಮೇಲೆ. ಒಬ್ಬರ ಖಾತೆಯಿಂದ ಹೊರಟ ಹಣ ಇನ್ನೊಬ್ಬರಿಗೆ ಮುಟ್ಟದೆ ನಡುವೆ ನಿಂತರೆ ಏನು ಮಾಡುತ್ತೀರಿ? ಸುತ್ತಿನಿಂದ ಸುತ್ತಿಗೆ ವೇಷ ಬದಲಿಸಿ ಇದೇ ಪ್ರಶ್ನೆ ಬರುತ್ತದೆ.

ನನ್ನ ತಯಾರಿ ಶುರುವಾದದ್ದು ಊರಿನ ಗಂಜ್ ಮಾರುಕಟ್ಟೆಯಲ್ಲಿರುವ ಸೋದರಮಾವನ ಬೇಳೆ ಅಂಗಡಿಯಲ್ಲಿ. ಗಿರಾಕಿಯ ಫೋನಿನಲ್ಲಿ ದುಡ್ಡು ಕಟ್ ಆಗಿರುತ್ತದೆ, ಮಾವನ ಸೌಂಡ್ ಬಾಕ್ಸ್ ಮಾತ್ರ ಸುಮ್ಮನಿರುತ್ತದೆ. "ರೊಕ್ಕ ಹೋಗ್ಯಾವ್ರೀ ಅಂತಾರ ಅವರು, ನನಗಂತೂ ಬಂದಿಲ್ಲ. ಬ್ಯಾಳಿ ಕೊಡ್ಲೋ ಬ್ಯಾಡೋ ನೀನ ಹೇಳವ್ವಾ" ಅನ್ನುತ್ತಿದ್ದರು ಮಾವ. ರಾತ್ರಿ ಶಟರ್ ಎಳೆಯುವ ಮುಂಚೆ ಅವರು ಉದ್ದನೆಯ ವಹಿಯೊಂದನ್ನು ತೆಗೆದು, ಆ ದಿನದ ಒಂದೊಂದು ಯುಪಿಐ ವ್ಯವಹಾರವನ್ನೂ ಬ್ಯಾಂಕಿನ ಮೆಸೇಜ್ ಜೊತೆ ತಾಳೆ ನೋಡುತ್ತಾರೆ. ಬಾರದ ಹಣದ ಮುಂದೆ ಕೆಂಪು ಪೆನ್ನಿನಲ್ಲಿ ಆ ವ್ಯವಹಾರದ ಹನ್ನೆರಡು ಅಂಕಿಯ ರೆಫರೆನ್ಸ್ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದಿಡುತ್ತಾರೆ. ಹಣ ಆಮೇಲೆ ಬಂದರೆ ಹಳೆಯ ಸಾಲನ್ನು ಕೆರೆಯುವುದಿಲ್ಲ, ಕೆಳಗೆ ಹೊಸ ಸಾಲು ಬರೆಯುತ್ತಾರೆ. ಪೇಮೆಂಟ್ ಕಂಪನಿಗಳಲ್ಲಿ ದಿನವಿಡೀ ನಡೆಯುವ ರಿಕನ್ಸಿಲಿಯೇಶನ್ ಎಂಬ ಕೆಲಸವೂ ಇದೇ.

ಅಲ್ಲಿಂದ ನಿಯಮಗಳಿಗೆ ಹೋದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಎಲ್ಲರೂ ಓದಲೇಬೇಕು. ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಹಣ ಮುಟ್ಟದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮಾವನಿಗೂ ಇದನ್ನು ತಿಳಿಸಿದೆ, ಈಗ ಅವರು ಗಿರಾಕಿಗಳಿಗೆ ಧೈರ್ಯವಾಗಿ ಹೇಳುತ್ತಾರೆ. ಕಾರ್ಡ್ ವ್ಯವಹಾರದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕ್, ಅಂಗಡಿಯ ಬ್ಯಾಂಕ್, ನಡುವಿನ ನೆಟ್‌ವರ್ಕ್ ಯಾರು ಯಾರಿಗೆ ಯಾವಾಗ ಹಣ ಕೊಡುತ್ತಾರೆಂದು ಹಾಳೆಯ ಮೇಲೆ ಬರೆದು ಬರೆದು ಕಲಿತೆ. ಅನುಮತಿ ಸಿಗುವುದು ಸೆಕೆಂಡುಗಳಲ್ಲಿ, ಹಣ ಕೈ ಬದಲಾಗುವುದು ಆಮೇಲೆ. ಈ ಎರಡರ ನಡುವಿನ ಅಂತರ ತಿಳಿದರೆ ಅರ್ಧ ಇಂಟರ್‌ವ್ಯೂ ತಿಳಿದಂತೆ.

ನನ್ನ ಸುತ್ತುಗಳೆಲ್ಲ ಕಲಬುರಗಿಯ ಮನೆಯಿಂದಲೇ, ವಿಡಿಯೋದಲ್ಲಿ ನಡೆದವು. ಬೇಸಿಗೆಯಲ್ಲಿ ಕರೆಂಟಿನ ಭರವಸೆ ಇಲ್ಲದ್ದರಿಂದ ರೂಟರ್‌ಗೊಂದು ಚಿಕ್ಕ ಯುಪಿಎಸ್ ಕೊಂಡೆ, ಫೋನಿನ ಹಾಟ್‌ಸ್ಪಾಟನ್ನೂ ಸಿದ್ಧ ಇಟ್ಟುಕೊಂಡೆ.

ಮೊದಲ ಸುತ್ತಿನ ಕೋಡಿಂಗ್ ಪ್ರಶ್ನೆ: ನಮ್ಮ ದಾಖಲೆಯ ಪಟ್ಟಿ ಒಂದು, ಬ್ಯಾಂಕ್ ಕಳಿಸಿದ ಪಟ್ಟಿ ಒಂದು, ತಾಳೆಯಾಗದವನ್ನು ಹುಡುಕಿ. ಹ್ಯಾಶ್ ಮ್ಯಾಪ್ ಬಳಸಿ ಬರೆದೆ. ಮೊತ್ತವನ್ನು ರೂಪಾಯಿಯ ದಶಮಾಂಶದಲ್ಲಿ ಇಡದೆ ಪೈಸೆಯ ಪೂರ್ಣಾಂಕದಲ್ಲಿ ಯಾಕೆ ಇಟ್ಟಿರಿ ಎಂದು ಕೇಳಿದರು. 0.1ಕ್ಕೆ 0.2 ಕೂಡಿಸಿದರೆ ಬಹಳಷ್ಟು ಭಾಷೆಗಳಲ್ಲಿ 0.30000000000000004 ಬರುತ್ತದೆ, ಲಕ್ಷಾಂತರ ವ್ಯವಹಾರಗಳಲ್ಲಿ ಆ ಚೂರುಗಳೇ ಲೆಕ್ಕ ಕೆಡಿಸುತ್ತವೆ ಎಂದೆ.

ನಿಜವಾದ ಪರೀಕ್ಷೆ ಎರಡನೆಯ ಸುತ್ತು. "ಬ್ಯಾಂಕಿಗೆ ವಿನಂತಿ ಕಳಿಸಿದ್ದೀರಿ, 30 ಸೆಕೆಂಡ್ ಕಳೆದರೂ ಉತ್ತರ ಇಲ್ಲ. ಗ್ರಾಹಕರಿಗೆ ಏನು ತೋರಿಸುತ್ತೀರಿ?" ಫೇಲ್ ಎಂದು ತೋರಿಸಿದರೆ ಅವರು ಮತ್ತೆ ಕಟ್ಟುತ್ತಾರೆ, ಎರಡು ಸಲ ಹಣ ಹೋಗಬಹುದು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ವ್ಯವಹಾರ ಆಗಿಲ್ಲ ಎಂದಾಗುವುದಿಲ್ಲ. ಹಾಗಾಗಿ ಪೆಂಡಿಂಗ್ ಎಂದು ತೋರಿಸಿ, ಬ್ಯಾಂಕನ್ನು ಸ್ಥಿತಿ ಕೇಳುತ್ತಾ ಹೋಗಬೇಕು. ಪ್ರತಿ ಪಾವತಿಗೂ ಐಡೆಂಪೊಟೆನ್ಸಿ ಕೀ ಎಂಬ ಅದರದ್ದೇ ಗುರುತು ಇರಬೇಕು; ಅದೇ ಕೀ ಹೊತ್ತು ವಿನಂತಿ ಹತ್ತು ಸಲ ಬಂದರೂ ಹಣ ಒಂದೇ ಸಲ ಕಟ್ ಆಗುತ್ತದೆ. ಆರ್ಡರ್ ರದ್ದಾದ ಮೇಲೆ ತಡವಾಗಿ ಸಕ್ಸೆಸ್ ಬಂದರೆ ರಿಫಂಡ್ ಹೊರಡಬೇಕು. ಆಗ ಹಳೆಯ ದಾಖಲೆ ತಿದ್ದುತ್ತೀರಾ ಎಂದರು. ತಿದ್ದುವುದಿಲ್ಲ, ಎದುರು ನಮೂದು ಹಾಕುತ್ತೇನೆ ಎಂದು ಹೇಳಿ ಮಾವನ ವಹಿಯ ವಿಷಯ ಎತ್ತಿದೆ. ಅವರು ಮುಂದಿನ ಪ್ರಶ್ನೆ ಬಿಟ್ಟು ಆ ವಹಿಯ ಬಗ್ಗೆಯೇ ಬಹಳ ಹೊತ್ತು ಕೇಳಿದರು.

ಮ್ಯಾನೇಜರ್ ಕೇಳಿದ್ದು ವ್ಯಾಪಾರದ ಪ್ರಶ್ನೆ: 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ (ಪಾವತಿ ಪಡೆದ ವ್ಯಾಪಾರಿಯಿಂದ ಕಡಿಯುವ ಶುಲ್ಕ) ಶೂನ್ಯ, ಹಾಗಾದರೆ ನಮ್ಮ ಗಳಿಕೆ ಎಲ್ಲಿಂದ? ಕ್ರೆಡಿಟ್ ಕಾರ್ಡ್ ಶುಲ್ಕ, ನೆಟ್ ಬ್ಯಾಂಕಿಂಗ್, ವ್ಯಾಪಾರಿಗಳಿಗೆ ಕೊಡುವ ಇತರ ಸೇವೆಗಳನ್ನು ಹೇಳಿದೆ. ಕಾರ್ಡ್ ನಂಬರ್ ನಾವೇ ಯಾಕೆ ಉಳಿಸಿಕೊಳ್ಳಬಾರದು ಎಂಬುದಕ್ಕೆ 2022ರ ಅಕ್ಟೋಬರಿನಿಂದ ಜಾರಿಗೆ ಬಂದ, ಕಾರ್ಡ್ ನಂಬರಿನ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಇಡಬೇಕೆನ್ನುವ ನಿಯಮ ಗೊತ್ತಿದ್ದರೆ ಸಾಕು.

ಇಂಗ್ಲಿಷಿನ ಅಂಜಿಕೆ ನಮ್ಮ ಭಾಗದಲ್ಲಿ ದೊಡ್ಡದು. ನಾನು ಪ್ರತಿ ಉತ್ತರವನ್ನೂ ಮೊದಲು ತಮ್ಮನ ಮುಂದೆ ನಮ್ಮ ಮಾತಿನಲ್ಲೇ ಹೇಳುತ್ತಿದ್ದೆ. ಅವನು ಬಿಕಾಂ ಹುಡುಗ, ತಿಳಿಯದಿದ್ದರೆ "ಮತ್ತ ಹೇಳು" ಅನ್ನುತ್ತಿದ್ದ. ಅವನಿಗೆ ತಿಳಿದ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಕೊಳ್ಳುತ್ತಿದ್ದೆ. ನಿಧಾನಕ್ಕೆ ಮಾತಾಡಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಇದಕ್ಕೂ ಮುಂಚೆ ಇನ್ನೊಂದು ಕಂಪನಿ ಎಲ್ಲ ಸುತ್ತು ಮುಗಿಸಿಕೊಂಡು, ಮೇಲ್ ಬರೆದು ಕೇಳಿದರೂ ಒಂದು ಸಾಲಿನ ಉತ್ತರ ಕೊಡಲಿಲ್ಲ. ಇದು ತಪ್ಪು. ರಜೆ ಹಾಕಿ ದಿನವಿಡೀ ಕೂತ ಅಭ್ಯರ್ಥಿಗೆ "ಆಗಲಿಲ್ಲ" ಎನ್ನುವ ಒಂದು ಮಾತಾದರೂ ಸಲ್ಲಬೇಕು. ಅಂಥ ಮೌನದಲ್ಲಿ ಕಾಯುತ್ತಾ ಕೂರದೆ ಮುಂದಿನ ಅರ್ಜಿ ಹಾಕಿ.

ಕೊನೆಗೆ, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು ಕೇಳಿಯೇ ಕೇಳುತ್ತಾರೆ. ಬ್ಯಾಂಕಿನ ಸೆಟಲ್‌ಮೆಂಟ್ ಫೈಲ್, ಅಂದರೆ ಕೈ ಬದಲಾದ ಹಣದ ಪಟ್ಟಿ, ಮಧ್ಯರಾತ್ರಿ ತಾಳೆಯಾಗದಿದ್ದರೆ ಫೋನ್ ಯಾರಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಅದನ್ನು ನೋಡಿಕೊಳ್ಳುವ ತಂಡದ ಬಗ್ಗೆ ವಿವರವಾಗಿ ಹೇಳಿ, ಆ ತಂಡದಲ್ಲಿ ಕೆಲಸ ಮಾಡಲು ಇಷ್ಟವೇ ಎಂದು ಅವರೇ ಕೇಳಿದರು. ಆಫರ್ ಬಂದದ್ದೂ ಆ ತಂಡಕ್ಕೇ.