ಗಂಡನ ಅಡ್ಡಹೆಸರಿನ ಬೆನ್ನು ಹತ್ತಿ

ಮದುವೆ ಗೊತ್ತಾದಾಗ ಗದಗದಿಂದ ನನ್ನ ದೊಡ್ಡವ್ವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಹುಡುಗನ ಅಡ್ಡಹೆಸರು ಏನವ್ವಾ?" ನವ್ರಾತಿಲ್ ಅಂದೆ. "ಟೆನಿಸ್ ಆಡತಿದ್ಲಲ್ಲ, ಆಕಿ ಮನಿತನ ಏನು?" ಅಂದಳು.

ಅಲ್ಲ. ಆದರೆ ಆ 'ಮನಿತನ' ಅನ್ನೋ ಮಾತು ತಲೆಯಲ್ಲಿ ಉಳಿಯಿತು. ನಾನು ಬ್ರನೋದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಬ್ರನೋ ಅಂದರೆ ಚೆಕ್ ದೇಶದ ಎರಡನೇ ದೊಡ್ಡ ನಗರ, ಮೊರಾವಿಯಾ ಪ್ರಾಂತ್ಯದ ಮುಖ್ಯ ಊರು. ಹಳೆಯ ದಾಖಲೆಗಳ ಪತ್ರಾಗಾರವೂ ಇಲ್ಲೇ ಇದೆ. ಚಳಿಗಾಲದ ಸಂಜೆಗಳಲ್ಲಿ ಬೇರೆ ಕೆಲಸವೂ ಇರಲಿಲ್ಲ. ಶುರು ಮಾಡಿದೆ.

ಅರ್ಥ ತಿಳಿಯೋದು ಕಷ್ಟವೇನಲ್ಲ. 'ನವ್ರಾತಿತ್ ಸೆ' ಅಂದರೆ ಮರಳಿ ಬರುವುದು. ನವ್ರಾತಿಲ್ ಅಂದರೆ ಮರಳಿ ಬಂದ. ಭೂತಕಾಲದ ಕ್ರಿಯಾಪದವೇ ಹೆಸರಾಗಿ ಕೂತಿದೆ. ಮೊರಾವಿಯಾದಲ್ಲಿ, ಅದರಲ್ಲೂ ಹನಾ ಅನ್ನೋ ಬಯಲು ಸೀಮೆಯಲ್ಲಿ, ಇಂಥ ಹೆಸರು ರಾಶಿ ರಾಶಿ. ಪೊಸ್ಪೀಶಿಲ್ ಅಂದರೆ ಅವಸರ ಮಾಡಿದ. ವಿಸ್ಕೊಚಿಲ್ ಅಂದರೆ ಹಾರಿದ. ಕೋಪಿಲ್ ಅಂದರೆ ಕೊಂಡುಕೊಂಡ. ಡೊಲೆಜಲ್ ಅಂದರೆ ಸುಮ್ನೆ ಬಿದ್ದುಕೊಂಡಿದ್ದ. ನೆಯೆಸ್ಖ್ಲೆಬಾ ಅಂತ ಒಂದಿದೆ, ಅಕ್ಷರಶಃ 'ರೊಟ್ಟಿ ತಿನ್ನಬೇಡ'! ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇದ್ದಾವಲ್ಲ, ಅಂಥದ್ದೇ. ಆದರೆ ಇಲ್ಲಿ ಮನುಷ್ಯ ಯಾವಾಗಲೋ ಒಮ್ಮೆ ಮಾಡಿದ ಕೆಲಸವನ್ನು ಊರವರು ಹಿಡಿದುಬಿಟ್ಟಿದ್ದಾರೆ. ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನೇ ಹೊತ್ತು ತಿರುಗುತ್ತಾರೆ.

ಸರಿ, ಯಾರು ಮರಳಿ ಬಂದ? ಎಲ್ಲಿಂದ? ಯುದ್ಧದಿಂದ ಬಂದಿರಬಹುದು. ಕಸುಬು ಕಲಿಯಲು ಊರೂರು ಸುತ್ತಿ ಬಂದಿರಬಹುದು. ಇನ್ನೊಂದು ಸಾಧ್ಯತೆ ನನಗೆ ಹೆಚ್ಚು ಹಿಡಿಸುತ್ತದೆ. ಇಲ್ಲಿನ ರೈತ ಜಮೀನುದಾರನ ಅಪ್ಪಣೆ ಇಲ್ಲದೆ ಊರು ಬಿಡುವಂತಿರಲಿಲ್ಲ. 1781ರಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ಆ ಪದ್ಧತಿ ತೆಗೆದು ಹಾಕಿದ. ಅದಕ್ಕೂ ಮುಂಚೆ ಓಡಿಹೋಗಿ, ತಾನಾಗಿಯೋ ಹಿಡಿದು ತಂದೋ ಮರಳಿದವನಿಗೆ ಈ ಹೆಸರು ಅಂಟಿರಬಹುದು. ಒಂದು ಊರಿನಲ್ಲಿ ಒಂದು ಕಾರಣ, ಇನ್ನೊಂದರಲ್ಲಿ ಇನ್ನೊಂದು. ಅಂದರೆ ನವ್ರಾತಿಲ್‌ಗಳಿಗೆಲ್ಲ ಒಬ್ಬನೇ ಮೂಲಪುರುಷ ಇರಬೇಕಾಗಿಲ್ಲ. ಮರಳಿ ಬಂದವರು ಎಲ್ಲಾ ಊರಲ್ಲೂ ಇರುತ್ತಾರೆ, ಅಲ್ವಾ?

ಹೆಸರು ಎಲ್ಲೆಲ್ಲಿ ಹರಡಿದೆ ಅಂತ ನೋಡಲು 'ಕ್ದೆಯ್ಸ್ಮೆ' ಅನ್ನೋ ನಕ್ಷೆ ಇದೆ. ಗೃಹ ಇಲಾಖೆಯ ಅಂಕಿಅಂಶ ಇಟ್ಟುಕೊಂಡು ಮಾಡಿದ್ದು, ಯಾರು ಬೇಕಾದರೂ ನೋಡಬಹುದು. ಅಡ್ಡಹೆಸರು ಬರೆದರೆ ದೇಶದ ನಕ್ಷೆ ಬಣ್ಣ ತುಂಬಿಕೊಂಡು ಬರುತ್ತದೆ. ಇದರಲ್ಲಿ ಎರಡು ವಿಷಯ ನೆನಪಿಡಬೇಕು. ಗಂಡಸಿನ ಹೆಸರು ನವ್ರಾತಿಲ್, ಹೆಂಗಸಿನದು ನವ್ರಾತಿಲೊವಾ. ಎರಡನ್ನೂ ಬೇರೆ ಬೇರೆ ಹುಡುಕಬೇಕು. ಆಮೇಲೆ ಬರೀ ತಲೆಲೆಕ್ಕ ನೋಡಬಾರದು. ಪ್ರಾಗ್, ಬ್ರನೋದಂಥ ನಗರಗಳಲ್ಲಿ ಎಲ್ಲ ಹೆಸರೂ ಜಾಸ್ತಿ ಕಾಣುತ್ತವೆ. ಜನಸಂಖ್ಯೆಯಲ್ಲಿ ಎಷ್ಟು ಪಾಲು ಅಂತ ನೋಡಿದರೆ ಚಿತ್ರ ಬದಲಾಗುತ್ತದೆ. ಹಾಗೆ ನೋಡಿದರೆ ನವ್ರಾತಿಲ್‌ಗಳ ಸಾಂದ್ರತೆ ನಡುಮೊರಾವಿಯಾದಲ್ಲಿ. ಒಲೊಮೌಟ್ಸ್, ಪ್ರೊಸ್ತೆಯೋವ್, ಪ್ರ್ಶೆರೋವ್, ಕ್ರೊಮ್ಯೆರೀಜ್ ಸುತ್ತಮುತ್ತ. ಪಶ್ಚಿಮಕ್ಕೆ ಬೊಹೆಮಿಯಾ ಕಡೆ ಹೋದಂತೆ ತೆಳುವಾಗುತ್ತದೆ. ಅಲ್ಲಿ ನೋವಾಕ್‌ದೇ ರಾಜ್ಯ. ನೋವಾಕ್ ಅಂದರೆ ಊರಿಗೆ ಹೊಸಬ. ಇಡೀ ದೇಶದಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು ಅದೇ.

ಉತ್ತರದ ಗಡಿಯಲ್ಲೂ, ಬ್ರುಂಟಾಲ್, ಯೆಸೆನಿಕ್ ಕಡೆ, ನವ್ರಾತಿಲ್‌ಗಳು ಸಿಗುತ್ತಾರೆ. ಅದನ್ನು ನೋಡಿ 'ಓ, ಅಲ್ಲೂ ಹಳೆ ಮನೆತನ ಇದೆ' ಅಂದುಕೊಳ್ಳಬಾರದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1945 ಮತ್ತು 46ರಲ್ಲಿ, ಗಡಿ ಭಾಗದ ಜರ್ಮನ್ನರನ್ನು ದೇಶದಿಂದ ಹೊರಗೆ ಕಳಿಸಿದರು. ಖಾಲಿಯಾದ ಮನೆ, ಹೊಲಗಳಿಗೆ ಒಳನಾಡಿನ ಜನ ಹೋಗಿ ಸೇರಿಕೊಂಡರು. ಅಲ್ಲಿನ ಬಣ್ಣ ಅಷ್ಟು ಹೊಸದು.

ನಕ್ಷೆ ಇಷ್ಟು ಹೇಳುತ್ತದೆ. ನಮ್ಮ ಮನೆಯವರದು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಅದಕ್ಕೆ ಕಾಗದ ಬೇಕು.

ಕಾಗದ ಮನೆಯಲ್ಲೇ ಇತ್ತು. ಮಾವನವರ ಬೀರುವಿನಲ್ಲಿ ಒಂದು ಬಿಸ್ಕತ್ ಡಬ್ಬಿ. ಒಳಗೆ ಅವರ ಅಜ್ಜ, ಮುತ್ತಜ್ಜ, ಮುತ್ತಜ್ಜಿಯರ ಜನನ ಪತ್ರಗಳ ನಕಲು ಪ್ರತಿಗಳು. ಒಂದೊಂದಕ್ಕೂ ಚರ್ಚಿನ ಮೊಹರು, ಪಾದ್ರಿಯ ಸಹಿ. ಎಲ್ಲವೂ 1939ರಿಂದ 41ರ ಒಳಗೆ ಬರೆಸಿದ್ದು. ಇಷ್ಟು ಅಚ್ಚುಕಟ್ಟಾಗಿ ಯಾರು ವಂಶಾವಳಿ ಮಾಡಿದರು ಅಂತ ನನಗೆ ಖುಷಿ. ಮಾವ ನಗಲಿಲ್ಲ. ನಾಜಿಗಳ ಆಡಳಿತದಲ್ಲಿ ಸರ್ಕಾರಿ ನೌಕರಿ ಉಳಿಯಬೇಕಾದರೆ ಮೂಲದಲ್ಲಿ ಯೆಹೂದಿಗಳಿಲ್ಲ ಅಂತ ತೋರಿಸಬೇಕಿತ್ತು. ಅದಕ್ಕೆ ಕೂಡಿಸಿದ ಕಾಗದಗಳಿವು. ಚೆಕ್ ದೇಶದ ಎಷ್ಟೋ ಮನೆಗಳಲ್ಲಿ ಇಂಥ ಕಟ್ಟುಗಳಿವೆ. ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಅದು ಯಾಕೆ ಇದೆ ಅನ್ನೋದು ನೆನಪಾದರೆ ಮಾತ್ರ ಮನಸ್ಸು ಮುದುಡುತ್ತದೆ.

ಆ ಪತ್ರಗಳಲ್ಲಿ ಮೂರು ವಿಷಯ ಮುಖ್ಯ: ಊರು, ಮನೆ ನಂಬರು, ತಾರೀಕು. ಈ ಮೂರು ಕೈಗೆ ಬಂದರೆ ಮುಂದಿನ ದಾರಿ 'ಮತ್ರಿಕ'. ಅಂದರೆ ಚರ್ಚುಗಳು ಬರೆದಿಟ್ಟ ಜನನ, ಮದುವೆ, ಸಾವಿನ ಪುಸ್ತಕ. 1563ರಲ್ಲಿ ಟ್ರೆಂಟ್ ಧರ್ಮಸಭೆ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕ ಬರೆಯಲೇಬೇಕು ಅಂತ ಕ್ಯಾಥೊಲಿಕ್ ಪಾದ್ರಿಗಳಿಗೆ ಹೇಳಿತು. ಹಳ್ಳಿಗಳಲ್ಲಿ ಉಳಿದು ಬಂದಿರುವುದು ಹೆಚ್ಚಾಗಿ 17ನೇ ಶತಮಾನದಿಂದ ಈಚಿನವು. ಕೊನೆಯ ಜನನ ಬರೆದು 100 ವರ್ಷ, ಮದುವೆಯಾದರೆ 75 ವರ್ಷ ಆಗುವವರೆಗೆ ಪುಸ್ತಕ ಸ್ಥಳೀಯ ಕಚೇರಿಯಲ್ಲೇ ಇರುತ್ತದೆ. ಆಮೇಲೆ ಪತ್ರಾಗಾರಕ್ಕೆ ಬರುತ್ತದೆ. ಬ್ರನೋದ ಮೊರಾವಿಯಾ ಪ್ರಾಂತ್ಯ ಪತ್ರಾಗಾರ ತನ್ನಲ್ಲಿರುವುದನ್ನು ಸ್ಕ್ಯಾನ್ ಮಾಡಿ 'ಆಕ್ತಾ ಪುಬ್ಲಿಕಾ' ಅನ್ನೋ ತಾಣದಲ್ಲಿ ಇಟ್ಟಿದೆ. ದುಡ್ಡು ಕೊಡಬೇಕಾಗಿಲ್ಲ. ಒಲೊಮೌಟ್ಸ್ ಕಡೆಯವು ಓಪವಾ ಪತ್ರಾಗಾರದ ತಾಣದಲ್ಲಿ ಸಿಗುತ್ತವೆ. ನಮ್ಮವರ ಹಳ್ಳಿ ಪ್ರೊಸ್ತೆಯೋವ್ ಹತ್ತಿರ, ಹಾಗಾಗಿ ನನಗೆ ಬ್ರನೋದೇ ಸಾಕಾಯಿತು.

ತೆರೆದು ನೋಡಿದರೆ ಒಂದಕ್ಷರ ಓದಲು ಬರಲಿಲ್ಲ!

ಅದು ಕುರೆಂಟ್ ಲಿಪಿ, ಹಳೆಯ ಜರ್ಮನ್ ಕೈಬರಹ. ಅದರಲ್ಲಿ 'ಇ' ಮತ್ತು 'ಎನ್' ಅಕ್ಷರ ಹೆಚ್ಚುಕಡಿಮೆ ಒಂದೇ ಥರ. 'ಯು' ಮೇಲೆ ಒಂದು ಪುಟ್ಟ ಕೊಂಕು ಇರುತ್ತದೆ, ಅದನ್ನು ಹಿಡಿದೇ ಗುರುತಿಸಬೇಕು. ಭಾಷೆಯೂ ಒಂದೇ ಅಲ್ಲ. ಒಂದು ಪುಸ್ತಕ ಲ್ಯಾಟಿನ್, ಮುಂದಿನದು ಜರ್ಮನ್, ಮಧ್ಯೆ ಮಧ್ಯೆ ಚೆಕ್. ನಾನು ಮಾಡಿದ ಉಪಾಯ ಇದು: ಗೊತ್ತಿರುವ ಪದದಿಂದ ಹೊರಟೆ. ಪುಟದ ಮೇಲೆ ಹಳ್ಳಿಯ ಹೆಸರು ಇರುತ್ತದೆ. ಯಾನ್, ಯೋಸೆಫ್, ಫ್ರಾಂಟಿಶೆಕ್, ಮರಿಯಾನಾ ಪುಟಪುಟಕ್ಕೂ ಬರುತ್ತಾರೆ. ಅವುಗಳಿಂದ ಆ ಪಾದ್ರಿಯ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಪಾದ್ರಿ ಬದಲಾದರೆ ಹೊಸ ಹಾಳೆ. ನಮಗೆ ಬೇಕಾದ ಹೆಸರಿಗೂ ಹಲವು ವೇಷ. 19ನೇ ಶತಮಾನದ ನಡುವಿನವರೆಗೂ ಚೆಕ್ ಜನ 'ವಿ' ಬದಲು 'ಡಬ್ಲ್ಯು' ಬರೆಯುತ್ತಿದ್ದರು. ಕೊನೆಗೆ ಕೆಲವೊಮ್ಮೆ ಒಂದು 'ಎಲ್', ಕೆಲವೊಮ್ಮೆ ಎರಡು. ಎಲ್ಲವೂ ಒಬ್ಬನೇ ಮನುಷ್ಯ.

ಹಳೆಯ ಪುಸ್ತಕಗಳ ಹಿಂದಿರುವ ಅಕಾರಾದಿ ಸೂಚಿ ನೋಡುವಾಗಲೂ ಜೋಕೆ. ಕೆಲವು ಅಡ್ಡಹೆಸರಿನ ಪ್ರಕಾರ ಇರುವುದಿಲ್ಲ, ಇಟ್ಟ ಹೆಸರಿನ ಪ್ರಕಾರ ಇರುತ್ತವೆ. ಯಾನ್‌ಗಳೆಲ್ಲ ಒಂದು ಕಡೆ, ಮಾರ್ತಿನ್‌ಗಳೆಲ್ಲ ಒಂದು ಕಡೆ. ಹೆಸರಿಡುವಾಗ ಅಡ್ಡಹೆಸರು ಅಷ್ಟು ಮುಖ್ಯ ಅಲ್ಲ ಅಂತ ಆ ಕಾಲದವರಿಗೆ ಅನಿಸಿತ್ತು ಅಂತ ಕಾಣುತ್ತದೆ.

ಒಂದು ಪುಟ ಹೇಗಿರುತ್ತದೆ ಹೇಳುತ್ತೇನೆ. 1784ರಲ್ಲಿ ಜೋಸೆಫ್ ಈ ಪುಸ್ತಕಗಳನ್ನು ಸರ್ಕಾರಿ ದಾಖಲೆ ಮಾಡಿದ. ಆಗಿಂದ ಅಚ್ಚುಕಟ್ಟಾದ ಕಂಬಸಾಲು. ಮೊದಲು ತಾರೀಕು, ಆಮೇಲೆ ಮನೆ ನಂಬರು, ಮಗುವಿನ ಹೆಸರು. ಕ್ಯಾಥೊಲಿಕ್ಕೋ ಪ್ರೊಟೆಸ್ಟೆಂಟೋ, ಗಂಡೋ ಹೆಣ್ಣೋ, ಮದುವೆಯಲ್ಲಿ ಹುಟ್ಟಿದ್ದೋ ಅಲ್ಲವೋ, ಇವಕ್ಕೆಲ್ಲ ಒಂದೊಂದು ಗೀಟು. ಆಮೇಲೆ ತಂದೆ, ತಾಯಿ. ತಂದೆಯ ಹೆಸರಿನ ಪಕ್ಕದಲ್ಲಿ 'ಹಾಲ್ಬ್‌ಲಾನರ್' ಅಂತಿತ್ತು. ಲಾನ್ ಅನ್ನೋದು ಇಲ್ಲಿನ ಹಳೆಯ ಭೂಮಿ ಅಳತೆ. ಅರ್ಧ ಲಾನ್ ಜಮೀನಿನ ಒಡೆಯ, ಅಂದರೆ ಊರಲ್ಲಿ ಒಂದಿಷ್ಟು ಮರ್ಯಾದೆ ಇರುವ ರೈತ. ಅವನ ಕೆಳಗೆ ಕಾಲು ಲಾನ್‌ನವರು, ಆಮೇಲೆ ಬರೀ ಗುಡಿಸಲು ಇದ್ದವರು, ಕೊನೆಗೆ ಬಾಡಿಗೆಗೆ ಇರುವವರು. ಕೊನೆಯ ಕಂಬಸಾಲಿನಲ್ಲಿ ದೇವರ ಸಾಕ್ಷಿಯಾಗಿ ಮಗುವನ್ನು ಎತ್ತಿಕೊಂಡ ಗಾಡ್‌ಫಾದರ್, ಗಾಡ್‌ಮದರ್. ಮಗುವಿನ ಹೆಸರಿನ ಪಕ್ಕದಲ್ಲಿ ಆಮೇಲೆ ಬೇರೆ ಶಾಯಿಯಲ್ಲಿ ಹಾಕಿದ ಒಂದು ಶಿಲುಬೆ ಗುರುತು ಇದ್ದರೆ, ಆ ಮಗು ಬದುಕಲಿಲ್ಲ ಅಂತ. ಅಂಥ ಗುರುತು ಬಹಳ ಇದ್ದಾವೆ.

ಮನೆ ನಂಬರು ಬಂದದ್ದು 1770 ಮತ್ತು 71ರಲ್ಲಿ, ಸೈನ್ಯಕ್ಕೆ ಜನ ಎಣಿಸುವಾಗ. ಅದಕ್ಕಿಂತ ಹಿಂದೆ ಹೋದರೆ ಬರೀ ಹೆಸರು. ಒಂದೇ ಹಳ್ಳಿಯಲ್ಲಿ ಒಂದೇ ಕಾಲಕ್ಕೆ ಇಬ್ಬಿಬ್ಬರು ಯಾನ್ ನವ್ರಾತಿಲ್. ಯಾರ ಮಗ ಯಾರು? ಇಲ್ಲಿ ಗಾಡ್‌ಫಾದರ್ ಕೈಹಿಡಿಯುತ್ತಾನೆ. ಒಂದು ದಂಪತಿಯ ಮಕ್ಕಳಿಗೆಲ್ಲ ಸಾಮಾನ್ಯವಾಗಿ ಅದೇ ಜೋಡಿ ಬರುತ್ತಿತ್ತು. ಹೆಂಡತಿಯ ಹೆಸರು ಮತ್ತು ಆ ಜೋಡಿ ಎರಡೂ ಕೂಡಿ ಬಂದರೆ ಅದೇ ಮನೆ ಅಂತ ಧೈರ್ಯವಾಗಿ ಬರೆದುಕೊಳ್ಳಬಹುದು.

ಹೀಗೆ ಹಿಂದಕ್ಕೆ ಹೋಗಿ ಹೋಗಿ 17ನೇ ಶತಮಾನದ ಕೊನೆಗೆ ಬಂದಾಗ ದಾರಿ ನಿಂತಿತು. ಮಾರ್ತಿನ್ ನವ್ರಾತಿಲ್ ಅಂತ ಒಬ್ಬನ ಮಕ್ಕಳು ಹುಟ್ಟಿದ್ದು ಸಿಗುತ್ತದೆ. ಅವನು ಹುಟ್ಟಿದ್ದು ಮಾತ್ರ ಎಲ್ಲೂ ಇಲ್ಲ. ಮದುವೆ ಪುಸ್ತಕದಲ್ಲಿ ಆ ಹೆಂಡತಿಯನ್ನು ಹುಡುಕಿದೆ. ಸಿಕ್ಕಳು. ಲ್ಯಾಟಿನ್‌ನಲ್ಲಿ 'ವಿದುವಾ' ಅಂತ ಬರೆದಿತ್ತು, ವಿಧವೆ. ಸತ್ತ ಗಂಡ ನವ್ರಾತಿಲ್. ಹೊಸ ಮದುಮಗ ಮಾರ್ತಿನ್ ಸ್ಪಾಚಿಲ್.

ಅಂದರೆ ನನ್ನ ಗಂಡನ ಮನೆತನದ ಗಂಡುಸಂತಾನ ಹಿಡಿದು ಹೋದರೆ ಅವರು ನವ್ರಾತಿಲ್ ಅಲ್ಲವೇ ಅಲ್ಲ. ಸ್ಪಾಚಿಲ್. ಮಾರ್ತಿನ್ ವಿಧವೆಯನ್ನು ಮದುವೆಯಾಗಿ ಆ ಹೊಲಮನೆಗೆ ಬಂದ. ಮನೆಯ ಹೆಸರು ಅವನಿಗೆ ಬಂತು. ಚೆಕ್ ಜನ ಇದನ್ನು 'ಗುಡಿಸಲಿನಿಂದ ಬಂದ ಹೆಸರು' ಅನ್ನುತ್ತಾರೆ. ಇದು ಅಪರೂಪದ ಸಂಗತಿ ಅಲ್ಲ. ಎಷ್ಟೋ ಪುಸ್ತಕಗಳಲ್ಲಿ ಎರಡು ಹೆಸರಿನ ಮಧ್ಯೆ 'ಅಲಿಯಾಸ್' ಅಥವಾ 'ವುಲ್ಗೋ' ಅಂತ ಬರೆದಿರುತ್ತಾರೆ. ಹೆಸರು ರಕ್ತದ ಜೊತೆ ಓಡಾಡುತ್ತಿರಲಿಲ್ಲ, ಜಮೀನಿನ ಜೊತೆ ಓಡಾಡುತ್ತಿತ್ತು. ತಂದೆಯ ಹೆಸರೇ ಮಕ್ಕಳಿಗೆ, ಬದಲಾಯಿಸುವಂತಿಲ್ಲ ಅಂತ ಕಾನೂನು ಗಟ್ಟಿಯಾದದ್ದು 1780ರ ದಶಕದಲ್ಲಿ, ಅದೇ ಜೋಸೆಫ್ ಕಾಲಕ್ಕೆ. ಮಾವನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಊರಲ್ಲಿ ಈಗಲೂ ಒಂದು ಮನೆಗೆ 'ಉ ನವ್ರಾತಿಲು' ಅಂತಾರೆ, ನವ್ರಾತಿಲರ ಮನೆ ಅಂತ. ಅಲ್ಲಿರುವವರ ಅಡ್ಡಹೆಸರೇ ಬೇರೆ" ಅಂದರು.

ಇದು ತಿಳಿದ ಮೇಲೆ ದೊಡ್ಡವ್ವನ ಟೆನಿಸ್ ಪ್ರಶ್ನೆಗೂ ಬೇರೆ ಬಣ್ಣ ಬಂತು. ಆಕೆ ಕೇಳಿದ್ದ ಆಟಗಾರ್ತಿ ಮಾರ್ಟಿನಾ ನವ್ರಾತಿಲೊವಾ ಹುಟ್ಟಿದ್ದು 1956ರಲ್ಲಿ ಪ್ರಾಗ್‌ನಲ್ಲಿ, ಶುಬೆರ್ತೊವಾ ಆಗಿ. ತಂದೆತಾಯಿ ಬೇರೆಯಾದರು. ತಾಯಿ ಮಿರೊಸ್ಲಾವ್ ನವ್ರಾತಿಲ್ ಅವರನ್ನು ಮದುವೆಯಾದರು. ಮಲತಂದೆಯೇ ಅವಳ ಮೊದಲ ಟೆನಿಸ್ ಗುರು, ಹೆಸರೂ ಅವರದೇ. 1975ರಲ್ಲಿ ಅವಳು ಅಮೆರಿಕದಲ್ಲೇ ಉಳಿದುಬಿಟ್ಟಳು.

ಟೈಟಾನಿಕ್‌ನಲ್ಲೂ ಒಬ್ಬ ನವ್ರಾತಿಲ್ ಇದ್ದ. ಈಗಿನ ಸ್ಲೊವಾಕಿಯಾದ ಸೆರೆದ್ ಊರಿನವನು, ಫ್ರಾನ್ಸಿನಲ್ಲಿ ದರ್ಜಿ. ಹೆಂಡತಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದ್ದ. ಹೆಸರು ಹಾಫ್‌ಮನ್ ಅಂತ ಬರೆಸಿದ್ದ. ಮಕ್ಕಳು ಉಳಿದರು, ಅವನು ಉಳಿಯಲಿಲ್ಲ. ಹಾಫ್‌ಮನ್ ಅಂದರೆ ಯೆಹೂದಿ ಇರಬೇಕು ಅಂದುಕೊಂಡು ಆ ಕ್ಯಾಥೊಲಿಕ್ ಮನುಷ್ಯನನ್ನು ಹ್ಯಾಲಿಫ್ಯಾಕ್ಸ್‌ನ ಯೆಹೂದಿ ಸ್ಮಶಾನದಲ್ಲಿ ಹೂಳಿದರು.

ಹನಾ ಸೀಮೆಯ ಒಬ್ಬ ನವ್ರಾತಿಲ್ ಬಗ್ಗೆ ಮಾವ ಬಹಳ ಗೌರವದಿಂದ ಮಾತಾಡುತ್ತಾರೆ. ಆಗಸ್ಟಿನ್ ನವ್ರಾತಿಲ್, ಕ್ರೊಮ್ಯೆರೀಜ್ ಹತ್ತಿರದ ಲುತೊಪೆಟ್ಸ್ನಿ ಹಳ್ಳಿಯವರು. ಕಮ್ಯುನಿಸ್ಟ್ ಆಡಳಿತದಲ್ಲಿ ಧರ್ಮದ ಸ್ವಾತಂತ್ರ್ಯ ಕೇಳಿ 1987ರ ಕೊನೆಗೆ ಒಂದು ಮನವಿ ಶುರು ಮಾಡಿದರು. ಅದಕ್ಕೆ ಬಿದ್ದ ಸಹಿ 6 ಲಕ್ಷ ದಾಟಿತು. ಅವರನ್ನು ಮಾನಸಿಕ ಆಸ್ಪತ್ರೆಗೆ ಹಾಕಿದ್ದೂ ಉಂಟು.

ನನ್ನ ಹೆಸರಿನ ವಿಷಯ ಕೇಳುವವರಿಗೆ: ನಾನು ನನ್ನದನ್ನೇ ಇಟ್ಟುಕೊಂಡೆ. ಪಾಸ್‌ಪೋರ್ಟ್ ತಲೆನೋವು ಯಾರಿಗೆ ಬೇಕು? 2022ರ ಜನವರಿ 1ರಿಂದ 'ಒವಾ' ಬೇಡ ಅಂದರೆ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಅತ್ತೆಗೆ ಮಾತ್ರ 'ಒವಾ' ಇಲ್ಲದ ಹೆಂಗಸಿನ ಹೆಸರು ಕೇಳಿದರೆ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತದಂತೆ.

ಮತ್ರಿಕ ಮುಗಿದ ಮೇಲೆ ಉಳಿಯುವುದು ಜಮೀನು ಪುಸ್ತಕ. ಯಾರು ಹೊಲಮನೆ ಯಾರಿಂದ ಎಷ್ಟಕ್ಕೆ ಕೊಂಡರು, ವರ್ಷಕ್ಕೆ ಎಷ್ಟು ಕಂತು ಕಟ್ಟಿದರು ಅಂತ ಅದರಲ್ಲಿ ಇರುತ್ತದೆ. ಓದಲು ಮತ್ರಿಕಕ್ಕಿಂತ ಕಷ್ಟ, ಆದರೆ ರುಚಿ ಜಾಸ್ತಿ. ಮಾರ್ತಿನ್ ಮುದುಕನಾಗಿ ಮಗನಿಗೆ ಮನೆ ಬಿಟ್ಟುಕೊಡುವಾಗ ಬರೆಸಿದ ಕರಾರು ಸಿಕ್ಕಿತು. ಇದಕ್ಕೆ 'ವೀಮ್ನ್ಯೆನೆಕ್' ಅನ್ನುತ್ತಾರೆ. ತನಗೊಂದು ಕೋಣೆ, ವರ್ಷಕ್ಕೆ ಇಷ್ಟು ಅಳತೆ ಗೋಧಿ, ಇಷ್ಟು ರೈ, ಒಂದು ಹಸುವಿಗೆ ಮೇವು, ತೋಟದಲ್ಲಿ ಒಂದು ಸೇಬಿನ ಮರ. ಮಗನ ಮೇಲೆ ನಂಬಿಕೆ ಇದ್ದರೂ ಮರ ಯಾವುದು ಅಂತ ಬರೆಸಿಟ್ಟಿದ್ದಾನೆ! ಮೂವತ್ತು ವರ್ಷಗಳ ಯುದ್ಧದಲ್ಲಿ, ಸ್ವೀಡನ್ ಸೈನ್ಯ 1642ರಿಂದ 1650ರವರೆಗೆ ಒಲೊಮೌಟ್ಸ್ ಹಿಡಿದು ಕೂತಿದ್ದಾಗ, ಈ ಕಡೆಯ ಎಷ್ಟೋ ಹೊಲಮನೆಗಳು ಪಾಳು ಬಿದ್ದವು. ಯುದ್ಧ ಮುಗಿದ ಮೇಲೆ ಮಾಡಿದ ಜಮೀನು ಲೆಕ್ಕದಲ್ಲಿ ಊರೂರಿಗೂ 'ಪಾಳು' ಅಂತ ಗುರುತು ಹಾಕಿದ್ದಾರೆ. ನಮ್ಮ ಮನೆ ಆ ಪಟ್ಟಿಯಲ್ಲಿ ಇಲ್ಲ. ಒಳಗೆ ಒಬ್ಬ ನವ್ರಾತಿಲ್ ಇದ್ದ.

ಈಗ ವಿಯೆನ್ನಾ ಕಡೆ ಹೋದ ಕವಲು ಹಿಡಿದಿದ್ದೇನೆ. ಮಾವನ ಮುತ್ತಜ್ಜನ ತಮ್ಮ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಅಲ್ಲಿಗೆ ಹೋದವನು. 19ನೇ ಶತಮಾನದ ಕೊನೆಗೆ ವಿಯೆನ್ನಾದ ಫಾವೊರಿಟನ್ ಸುತ್ತಲಿನ ಭಟ್ಟಿಗಳಿಗೆ ಮೊರಾವಿಯಾ, ಬೊಹೆಮಿಯಾದಿಂದ ಜನ ಸಾಲುಗಟ್ಟಿ ಹೋಗಿದ್ದರು. ಇವತ್ತಿಗೂ ವಿಯೆನ್ನಾದ ಕರೆಗಂಟೆಗಳ ಮೇಲೆ ಚೆಕ್ ಹೆಸರು ಕಾಣುತ್ತವೆ. ನವ್ರಾತಿಲ್ ಅಲ್ಲಿ ಹಳೆಯ 'ಡಬ್ಲ್ಯು' ಇಟ್ಟುಕೊಂಡೇ ಇದೆ. ಅಲ್ಲಿನ ಚರ್ಚ್ ಪುಸ್ತಕಗಳು 'ಮತ್ರಿಕುಲಾ' ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೈಬರಹ ಚೆನ್ನಾಗಿದೆ, ಆದರೆ ದೊಡ್ಡ ನಗರ, ಒಂದು ವರ್ಷದ ಜನನಕ್ಕೇ ದಪ್ಪ ದಪ್ಪ ಪುಸ್ತಕ. ಮೊದಲು ಅವನ ಮದುವೆ ಯಾವ ಚರ್ಚಿನಲ್ಲಿ ಆಯಿತು ಅಂತ ಗೊತ್ತಾಗಬೇಕು.