ಅಡಿಕೆ ತೋಟಕ್ಕೆ ನಾನು ಆರಿಸಿದ ಹೆಬ್ಬಾತು

ನಮ್ಮ ತೋಟ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಮಳೆ ಹಿಡಿದರೆ ಅಡಿಕೆ ಮರಗಳ ನಡುವೆ ಹುಲ್ಲು ಮೊಣಕಾಲಿಗೆ ಬರುತ್ತದೆ, ತೆಗೆಯಲು ಜನ ಸಿಗುವುದಿಲ್ಲ. ಊರಕೋಳಿ ಬಿಟ್ಟರೆ ಬುಡಕ್ಕೆ ಹಾಕಿದ ಸೊಪ್ಪನ್ನೆಲ್ಲ ಕೆದರಿ ಕಣಿಗೆ, ಅಂದರೆ ನೀರು ಹರಿಯುವ ಕಾಲುವೆಗೆ, ತಳ್ಳುತ್ತವೆ. ಹೆಬ್ಬಾತು ಕೆದರುವುದಿಲ್ಲ, ದನದ ಹಾಗೆ ಹುಲ್ಲು ಮೇಯುತ್ತದೆ. ಒಂದು ಗಂಡು, ನಾಲ್ಕು ಹೆಣ್ಣು ಸಾಕೋಣ ಅಂತ ಹೊರಟೆ.

"ಎಂಬ್ಡನ್ ತಾ ಮಾರಾಯ, ನೋಡಲಿಕ್ಕಾದರೂ ಚಂದ" ಎಂದರು ಪಕ್ಕದ ಮನೆಯ ಮಾವ. ಚಂದ ಹೌದು. ಅದು ಅಚ್ಚ ಬಿಳಿ ಬಣ್ಣದ, ಭಾರದ ಹೆಬ್ಬಾತು ತಳಿ, ಗಂಡು 9-10 ಕಿಲೋ ತೂಗುತ್ತದೆ. ಟುಲೂಸ್ ಕೂಡ ಭಾರದ ತಳಿಯೇ, ಬಣ್ಣ ಬೂದಿ. ಆದರೆ ನಮ್ಮ ಮನೆಯಲ್ಲಿ ಮಾಂಸ ತಿನ್ನುವವರಿಲ್ಲ, ತೂಕ ಕಟ್ಟಿಕೊಂಡು ಏನು ಮಾಡುವುದು? ಭಾರದ ತಳಿಗಳು ಜೋಡಿಯಾಗಲು ಈಜುವಷ್ಟು ನೀರಿದ್ದರೆ ಒಳ್ಳೆಯದು. ನಮ್ಮ ಕಣಿಗಳು ಬೇಸಿಗೆಯಲ್ಲಿ ಒಣಗಿರುತ್ತವೆ.

ಹಾಗಾಗಿ ಚೈನೀಸ್ ತಳಿ ತಂದೆ. ಗಂಡು ಸುಮಾರು 5 ಕಿಲೋ, ಹೆಣ್ಣು ಅದಕ್ಕಿಂತ ಸ್ವಲ್ಪ ಕಮ್ಮಿ. ಮೈ ಹಗುರ, ತೋಟವಿಡೀ ಸುತ್ತಿ ಮೇಯುತ್ತವೆ. ತಲೆ ಮುಳುಗಿಸಿ ಮೂಗು ತೊಳೆದುಕೊಳ್ಳುವಷ್ಟು ಆಳದ ಟಬ್ಬಿನಲ್ಲಿ ನೀರಿಟ್ಟರೆ ಸಾಕು. ವರ್ಷಕ್ಕೆ 40-60 ಮೊಟ್ಟೆ, ಭಾರದ ತಳಿಗಳು ಸಾಮಾನ್ಯವಾಗಿ ಅಷ್ಟು ಇಡುವುದಿಲ್ಲ. ಕಾವಿಗೆ ಕೂರುವ ವಿಷಯದಲ್ಲಿ ಮಾತ್ರ ಇವುಗಳನ್ನು ನಂಬುವಂತಿಲ್ಲ. ಊರಕೋಳಿಯ ಅಡಿಗೆ ನಾಲ್ಕೈದು ಮೊಟ್ಟೆ ಇಡುತ್ತೇನೆ. ಮೊಟ್ಟೆ ದೊಡ್ಡದಲ್ವಾ, ಕೋಳಿಗೆ ಹೊರಳಿಸಲು ಆಗುವುದಿಲ್ಲ. ದಿನಾ ನಾನೇ ಹೊರಳಿಸಬೇಕು. ಒಡೆಯಲು 30 ದಿನದ ಆಸುಪಾಸು.

ಕೊಳ್ಳುವಾಗ ಹಣೆ ನೋಡಿ. ಚೈನೀಸಿಗೆ ಕೊಕ್ಕಿನ ಬುಡದಲ್ಲಿ ಗಂಟಿರುತ್ತದೆ, ಬಿಳಿಯದಕ್ಕೆ ಕಿತ್ತಳೆ ಬಣ್ಣದ್ದು, ಕಂದು ಬಣ್ಣದ್ದಕ್ಕೆ ಕಪ್ಪು. ಎಂಬ್ಡನ್‌ಗೆ ಗಂಟಿಲ್ಲ. ಗಂಟಿದ್ದು ಗಲ್ಲದ ಕೆಳಗೆ ಜೋಲು ಚರ್ಮವೂ ಇದ್ದರೆ ಅದು ಆಫ್ರಿಕನ್ ಅಥವಾ ಅದರ ಬೆರಕೆ. ಸಣ್ಣ ಮರಿಯಲ್ಲಿ ಗಂಟು ಕಾಣುವುದಿಲ್ಲ, ಆದ್ದರಿಂದ ಎರಡು ತಿಂಗಳು ದಾಟಿದ್ದನ್ನೇ ಕೇಳಿದೆ. ಗಂಡಿನ ಗಂಟು ದೊಡ್ಡದು, ಕೂಗು ಕೀರಲು. ಹೆಣ್ಣಿನದು ಒಡಕು ದನಿ.

ಕೂಗು ಅಂದರೆ ವಿಪರೀತ. ಗೇಟಿನ ಹತ್ತಿರ ಯಾರು ಬಂದರೂ ಗೊತ್ತಾಗುತ್ತದೆ, ಪೋಸ್ಟ್‌ಮ್ಯಾನ್‌ಗೆ ಮಾತ್ರ ನಮ್ಮ ಮೇಲೆ ಸಿಟ್ಟು. ನಾಯಿಗೆ ಅನ್ನ ಹಾಕುವುದು ದಂಡ ಅಂತ ಮನೆಯಾಕೆ ತಮಾಷೆ ಮಾಡುತ್ತಾಳೆ. ಹಾಗಂತ ರಾತ್ರಿ ಹೊರಗೆ ಬಿಡಬೇಡಿ, ನರಿ ಕೂಗಿಗೆಲ್ಲ ಹೆದರುವುದಿಲ್ಲ. ಅಂಟಿದಂತೆ ಮನೆಗಳಿರುವ ಕಡೆ ಈ ತಳಿ ಬೇಡವೇ ಬೇಡ.

ತೋಟದವರಿಗೆ ಇನ್ನೊಂದು. ಕೊಳೆರೋಗಕ್ಕೆ ಮದ್ದು ಬಿಡುವಾಗ ಬೋರ್ಡೋ ದ್ರಾವಣ ಹುಲ್ಲಿಗೂ ಬೀಳುತ್ತದೆ. ಅದರಲ್ಲಿರುವ ಮೈಲುತುತ್ತು ಹೆಬ್ಬಾತಿಗೆ ವಿಷ. ಆಗ ನಾನು ಅವನ್ನು ಗೂಡಿನಲ್ಲೇ ಇಟ್ಟು, ಮದ್ದು ಬೀಳದ ಗುಡ್ಡೆಯ ಹುಲ್ಲು ಕೊಯ್ದು ಹಾಕುತ್ತೇನೆ. ನಾಲ್ಕು ಜೋರು ಮಳೆ ಬಂದು ಹುಲ್ಲು ತೊಳೆದು ಹೋದ ಮೇಲೇ ಬಿಡುವುದು. ಎಳೆ ಅಡಿಕೆ ಸಸಿ, ಹರಿವೆ, ಬಸಳೆ ಇರುವಲ್ಲಿಗೆ ಬೇಲಿ ಹಾಕಿದ್ದೇನೆ.