ತಿಂದೆ, ತಿನ್ನುತ್ತಿದ್ದೆ: ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್ ಕ್ರಿಯಾಪದಗಳನ್ನು ಕನ್ನಡದಿಂದ ಕಲಿಯುವ ಬಗೆ

ದಾವಣಗೆರೆಯ ಹೋಟೆಲಿನಲ್ಲಿ ಕುಳಿತವರು ‘ಬೆಣ್ಣೆದೋಸೆ ತಿನ್ನುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಕ್ರಿಯಾಪದದ ಕೊನೆಯ ಪ್ರತ್ಯಯವೇ ತಿನ್ನುವವರು ಯಾರೆಂಬುದನ್ನು ತಿಳಿಸಿಬಿಡುತ್ತದೆ. ಸ್ಪ್ಯಾನಿಷ್ ಕ್ರಿಯಾಪದವೂ ಹೀಗೆಯೇ ನಡೆಯುವುದರಿಂದ ಮೂರು ಭಾಷೆಗಳನ್ನು ಒಟ್ಟಿಗೆ ಹಿಡಿಯದೆ ಮೊದಲು ಅದನ್ನೇ ಕಲಿಯುವುದು ಲೇಸು, ಅದೂ ಇಂಗ್ಲಿಷನ್ನು ಸುತ್ತಿಬಳಸದೆ.

ಸ್ಪ್ಯಾನಿಷ್ ಕ್ರಿಯಾಪದಗಳು ಆರ್, ಏರ್, ಈರ್ ಎಂದು ಕೊನೆಗೊಳ್ಳುವ ಮೂರು ಗುಂಪುಗಳಲ್ಲಿ ಬರುತ್ತವೆ. ‘ಕೊಮೇರ್’ ಎಂದರೆ ತಿನ್ನುವುದು. ‘ಕೊಮೊ’ ತಿನ್ನುತ್ತೇನೆ, ‘ಕೊಮೆಸ್’ ತಿನ್ನುತ್ತೀಯ, ‘ಕೊಮೇಮೊಸ್’ ತಿನ್ನುತ್ತೇವೆ, ‘ಕೊಮೆನ್’ ತಿನ್ನುತ್ತಾರೆ. ‘ಕೊಮೆ’ ಎಂಬ ಒಂದೇ ರೂಪ ತಿನ್ನುತ್ತಾನೆ, ತಿನ್ನುತ್ತಾಳೆ ಎರಡಕ್ಕೂ ಸಲ್ಲುತ್ತದೆ. ಹಿರಿಯರೊಬ್ಬರನ್ನು ‘ಉಸ್ತೆದ್’ ಎಂದು ಗೌರವದಿಂದ ಮಾತನಾಡಿಸುವಾಗಲೂ ಇದೇ ರೂಪ. ಇವುಗಳನ್ನು ಪಟ್ಟಿಯಾಗಿ ಉರುಹೊಡೆಯಬೇಡಿ, ಪೂರ್ಣ ವಾಕ್ಯಗಳಾಗಿ ಬರೆದು ಗಟ್ಟಿಯಾಗಿ ಓದಿ.

ಎರಡು ಭೂತಕಾಲಗಳ ಬಗ್ಗೆ ಹೆದರಿಕೆ ಬೇಡ. ‘ನಿನ್ನೆ ತಿಂದೆ’ ಎಂಬುದಕ್ಕೆ ‘ಕೊಮೀ’, ‘ಚಿಕ್ಕಂದಿನಲ್ಲಿ ತಿನ್ನುತ್ತಿದ್ದೆ’ ಎಂಬುದಕ್ಕೆ ‘ಕೊಮೀಯ’. ಇಂಗ್ಲಿಷಿನ ಮೂಲಕ ಬಂದವರು ತಡವರಿಸುವ ಈ ಭೇದ ನಮಗೆ ಮನೆಮಾತಿನದೇ.

ನಿಜಕ್ಕೂ ಕಾಡುವುದು ‘ಇರು’, ‘ಆಗಿರು’ ಎಂಬ ಅರ್ಥದ ಎರಡು ಕ್ರಿಯಾಪದಗಳು, ‘ಸೇರ್’ ಮತ್ತು ‘ಎಸ್ತಾರ್’. ‘ಚಿತ್ರದುರ್ಗದ ಕೋಟೆ ಕಲ್ಲಿನದು’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಅಂಥ ಕಡೆ ಸ್ಪ್ಯಾನಿಷಿನಲ್ಲಿ ಸಾಮಾನ್ಯವಾಗಿ ‘ಸೇರ್’ ಬರುತ್ತದೆ. ‘ದೋಸೆ ಬಿಸಿಯಾಗಿದೆ’, ‘ಕೋಟೆ ಚಿತ್ರದುರ್ಗದಲ್ಲಿದೆ’ ಎಂದು ‘ಇದೆ’ ಕಾಣಿಸಿಕೊಂಡಲ್ಲಿ ‘ಎಸ್ತಾರ್’. ಆದರೆ ಈ ಸೂತ್ರವನ್ನು ಪೂರ್ತಿ ನಂಬುವಂತಿಲ್ಲ: ‘ಇಲ್ಲೊಂದು ಅಂಗಡಿ ಇದೆ’ ಎನ್ನಲು ‘ಐ’ ಎಂಬ ಬೇರೆಯೇ ರೂಪವಿದೆ, ‘ನನಗೆ ಹಸಿವಾಗಿದೆ’ ಎನ್ನಲು ಹೊಂದಿರುವುದು ಎಂಬ ಅರ್ಥದ ‘ತೆನೇರ್’ ಬೇಕು, ಮದುವೆಯೋ ಸಭೆಯೋ ಇಂಥ ಊರಿನಲ್ಲಿದೆ ಎನ್ನುವಾಗ ಮತ್ತೆ ‘ಸೇರ್’ ಬರುತ್ತದೆ. ಈ ಎಲ್ಲ ಬಗೆಯ ವಾಕ್ಯಗಳನ್ನು ನಿಮ್ಮ ಊರು, ಮನೆ, ಅಡುಗೆಯ ಬಗ್ಗೆಯೇ ದಿನಕ್ಕೆ ಒಂದೊಂದರಂತೆ ಬರೆದುಕೊಳ್ಳಿ.

ಫ್ರೆಂಚಿನಲ್ಲಿ ‘ಎತ್ರ್’ ಒಂದೇ ಸೇರ್, ಎಸ್ತಾರ್ ಎರಡರ ಕೆಲಸವನ್ನೂ ಮಾಡುತ್ತದೆ. ಅಲ್ಲಿಯ ತೊಡಕು ಕಿವಿಯದು: ನಾನು, ನೀನು, ಅವನು, ಅವರು ತಿನ್ನುವುದೆಲ್ಲ ಬರಹದಲ್ಲಿ ಮೂರು ಬಗೆಯಾಗಿ ಕಂಡರೂ ಉಚ್ಚಾರದಲ್ಲಿ ‘ಮಾಂಜ್’ ಎಂದೇ ಕೇಳಿಸುವುದರಿಂದ ಸರ್ವನಾಮವನ್ನು ಬಿಡುವಂತಿಲ್ಲ. ‘ವೂ’ ಮಾತ್ರ ನಮ್ಮ ‘ನೀವು’ ಇದ್ದಂತೆ, ಬಹುವಚನವೂ ಹೌದು, ಗೌರವವೂ ಹೌದು.

ಪೋರ್ಚುಗೀಸನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಯೂ ತಿನ್ನುವುದಕ್ಕೆ ‘ಕೊಮೇರ್’ ಎಂದೇ ಬರೆಯುತ್ತಾರೆ, ಸೇರ್–ಎಸ್ತಾರ್ ಜೋಡಿಯೂ ಇದೆ. ಆದರೆ ಕೋಟೆ ಚಿತ್ರದುರ್ಗದಲ್ಲಿದೆ ಎನ್ನಲು, ಕೋಟೆ ಕದಲದ ವಸ್ತುವಾದ್ದರಿಂದ, ‘ಎಸ್ತಾರ್’ ಬದಲು ‘ಫಿಕಾರ್’ ಎಂಬ ಕ್ರಿಯಾಪದವನ್ನು ಸಾಮಾನ್ಯವಾಗಿ ಬಳಸುತ್ತಾರೆ.